ಯಾರ ಮಗ್ಗಲಾಗ ಯಾರು

ಜತ್ತಿನಿಂದ ಬಂದ ಫಾರ್ಮು ಮರಾಠಿಯಾಗದ.
ಖರೂಜ, ಅಂತದ ಅದು.
ನಾವು ಹುರುಕು ಅಂತೀವಿ, ವಸ್ತಿಯ ಮುದುಕರು ತಿಂಡಿ.
ಮಿರಜದಿಂದ ಸರ್ವೆಕ್ಕ ಬಂದ ಡಾಕ್ಟರ್ ಮೇಡಮ್ಮು
ಮೂಲ ಮೈಸೂರಾಕಿ.
"ರಾತ್ರಿಪೂರಾ ತಿಂಡಿರಿ" ಅಂದ ಬಾಳಾಸಾ.
"ರಾತ್ರಿಯೆಲ್ಲಾ ತಿಂಡೀನಾ, ಪುಣ್ಯವಂತರು" ಅಂತ ನಕ್ಕಳು.
ಅಂವ ಅಂಗಿ ಎತ್ತಿ ತೋರಿಸಿದ.
ಆಕಿ ನಗು ಬಾಯಾಗ ಉಳೀತು.

ಏಳನೇ ಕಾಲಂ: ಒಂದು ಹಾಸಿಗ್ಯಾಗ ಎಷ್ಟು ಮಂದಿ.
ಹಾಸಿಗಿ ಅಂದ್ರ ಏನು, ಫಾರ್ಮು ಹೇಳೂದಿಲ್ಲ.
ಲಗಮವ್ವನ ಮನ್ಯಾಗ ಒಂದು ಕೌದಿ,
ಸತ್ತವರ ಸೀರಿ, ಇದ್ದವರ ಧೋತರ ಕೂಡಿಸಿ ಹೊಲಿದದ್ದು.
ಅದರೊಳಗ ಆಕಿ, ಎರಡು ಮೊಮ್ಮಕ್ಕಳು,
ಬಾಣಂತಿ ಸೊಸಿ, ಎಂಟು ದಿನದ ಕೂಸು,
ನಡಕ ಒಂದು ಆಡಿನ ಮರಿ. ಚಳಿ ಬಿದ್ದದಲ್ಲ.
ಐದು ಬರೀಲೋ ಆರು ಬರೀಲೋ?
ಆಡಿನ ಹುಳ ಬ್ಯಾರೆ, ಅಂದಳು ಮೇಡಮ್ಮು.
ಐದು ಬರದೆ.
ಕೂಸಿಗೆ ಗಂಧಕದ ಮುಲಾಮು, ಬ್ಯಾರೆ ಡಬ್ಬಿ.

ಕಣ್ಣಿಲ್ಲದ ಹುಳ ಅದು.
ನಿಮಿಷಕ್ಕ ಒಂದು ಇಂಚು ನಡೀತದಂತ.
ಹಾರೂದಿಲ್ಲ, ಜಿಗಿಯೂದಿಲ್ಲ,
ಮೈಗೆ ಮೈ ಹತ್ತಿದಾಗ ಇಳೀತದ, ಏರತದ.
ತುರಿಕಿ ಸುರು ಆಗೂದು ತಿಂಗಳ ಮ್ಯಾಲ.
ಅಷ್ಟೊತ್ತಿಗೆ ಕೊಟ್ಟಾಗಿರತದ,
ಕೊಟ್ಟವರಿಗೂ ಗೊತ್ತಿಲ್ಲ, ಇಸಗೊಂಡವರಿಗೂ.

ನಾನು ವಹಿಯ ಹಿಂದಿನ ಹಾಳಿಯಾಗ ಗೆರಿ ಎಳೀತಾ ಹ್ವಾದೆ.
ಸಿದರಾಯನ ಮಗಳಿಂದ ಬೆಂಚಿನ ಗೆಳತಿಗೆ,
ಗೆಳತಿಯಿಂದ ಆಕಿ ಕಂಕುಳ ತಮ್ಮಗ,
ತಮ್ಮನಿಂದ ಅಂವನ್ನ ಎತ್ತಿ ಆಡಿಸೂ ಕಾಶೀಮನ ಅಜ್ಜಿಗೆ.
ಜಗಳ ಆಡಿ ಮಾತು ಬಿಟ್ಟ ಎರಡು ಮನಿ ನಡುವೆ
ಮೂರು ಗೆರಿ ಬಂದುವು. ಹುಡುಗೂರು ಮಾತು ಬಿಟ್ಟಿರಲಿಲ್ಲ.

ಗಿರಣಿ ಚಂದಪ್ಪನ್ನ ಕೇಳಿದೆ: ಯಾರ ಮಗ್ಗಲಾಗ ಮಲಗತಿ?
"ಯಾರದಾರವ್ವಾ ನನಗ" ಅಂದ,
ಹಿಟ್ಟಿನ ಜರಡಿ ನೋಡಿಕೋತ.
ಹಳ್ಳದ ಆಚಿ ಸೋನವ್ವನೂ ಅದನ್ನ ಅಂದಳು: ಒಬ್ಬಾಕಿನ.
ಇಬ್ಬರಿಗೂ ನಡದಾಗ, ಬೆರಳ ಸಂದ್ಯಾಗ,
ಇಬ್ಬರಿಗೂ ದಸರಿ ಆದ ಎರಡನೇ ವಾರ ಸುರು.
ಪೆನ್ಸಿಲು ಹಾಳಿ ಮ್ಯಾಲ ಸ್ವಲ್ಪ ಹೊತ್ತು ನಿಂತಿತು.
ಇಬ್ಬರಿಗೂ ಒಂದೊಂದು ಅಂತ ಬರದೆ.
ಇಬ್ಬರಿಗೂ ಬ್ಯಾರೆ ಬ್ಯಾರೆ ಹೋಗಿ ಹೇಳಿದೆ,
ಬೇಸ್ತವಾರ ರಾತ್ರಿ ಹಚ್ಚಬೇಕು, ಬೇಸ್ತವಾರನ,
ಕೊರಳಿಂದ ಅಂಗಾಲ ತನಕ.
"ಬೆನ್ನಿಗೆ ಕೈ ಮುಟ್ಟೂದಿಲ್ಲಲ್ಲ" ಅಂದಳು ಸೋನವ್ವ.
ಮುಟ್ಟತದ, ಅಂದೆ.
ಆಕಿ ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಎಂಟು ದಿನಕ್ಕ ಎರಡನೇ ಸಲ ಹಚ್ಚಬೇಕು,
ಆರನೇ ದಿನಕ್ಕ ಲಾರಿ ಬಂತು.
ಮುಕಾದಮನ ಲೆಕ್ಕದಾಗ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ,
ನನ್ನ ಲೆಕ್ಕದಾಗ ಎರಡು ಟ್ಯೂಬು.
ಲಾರಿಯ ಹಿಂದ ಹಿಂದ ಓಡಿ, ಸೆರಗಿಗೆ ಕಟ್ಟಿ ಕೊಟ್ಟೆ.
ಕೌದಿ ಕುದಿಸ್ರಿ, ಕುದಿಸಾಕ ಬರದಿದ್ದರ
ಚೀಲದಾಗ ಬಿಗಿದು ವಾರ ಇಡ್ರಿ, ಅಂತ ಒದರಿದೆ.
ಕೌದಿಗಳ ಮ್ಯಾಲನ ಕುಂತಿದ್ದರು ಎಲ್ಲಾರೂ.
"ವಾರ ಏನ ಹೊತಗೊಳ್ಳೂಣು?" ಅಂತ ಯಾರೋ ಕೇಳಿದರು.
ಧೂಳು ಬಂತು ಬಾಯಾಗ.

ಮೇಡಮ್ಮಿನ ಕೋಷ್ಟಕದಾಗ ಅವರು
ಎರಡನೇ ಡೋಸಿಗೆ ಸಿಗದವರು, ನಲವತ್ತೊಂದು.

ನಿನ್ನೆ ರಾತ್ರಿ ದೀಪದ ಕೆಳಗ ವಹಿ ತುಂಬಾಕ ಕುಂತಾಗ
ಎಡಗೈ ಕಿರಿಬೆರಳ ಬುಡಕ ಕಂಡಿತು,
ಮೊಂಡ ಪೆನ್ಸಿಲಿನಿಂದ ಯಾರೋ ಎಳೆದಂಗ
ಬೂದಿ ಬಣ್ಣದ ಸಣ್ಣ ಗೆರಿ.
ಮಗಳು ನಿದ್ದಿಯೊಳಗ ಹೊಳ್ಳಿ
ಕಾಲು ನನ್ನ ತೊಡಿ ಮ್ಯಾಲ ಹಾಕಿದಳು.
ಸರಿಸಬೇಕು ಅಂದೆ.
ಏಳನೇ ಕಾಲಮ್ಮಿನಾಗ
ಎರಡು ಅಂತ ಬರದು ದೀಪ ಆರಿಸಿದೆ.